ರಾತ್ರಿ ಬೆಂದ ಅನ್ನ, ಮಧ್ಯಾಹ್ನದ ಪಂಕ್ತಿ

ಪ್ರಶ್ನೆ: ಡಾಕ್ಟ್ರೇ, ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ಕಳೆದ ತಿಂಗಳು ನಮ್ಮ ಬೀದಿಯಲ್ಲಿ ಗೃಹಪ್ರವೇಶದ ಊಟ ಇತ್ತು. ಪಲಾವ್, ಅನ್ನ ಸಾಂಬಾರ್, ಕೇಸರಿಬಾತ್, ಮೊಸರನ್ನ, ಮಜ್ಜಿಗೆ. ಒಂದು ಗಂಟೆಗೆ ಉಂಡವರಿಗೆ ಐದು ಗಂಟೆ ಹೊತ್ತಿಗೆ ವಾಂತಿ ಶುರುವಾಯಿತು. ಸುಮಾರು 60 ಜನ. ಇಬ್ಬರು ಮಕ್ಕಳಿಗೆ ಡ್ರಿಪ್ ಹಾಕಿಸಬೇಕಾಯಿತು. ನಮ್ಮಪ್ಪನಿಗೆ ಶುಗರ್ ಇದೆ, ಅವರು ಸ್ವಲ್ಪ ಅನ್ನ ಸಾಂಬಾರ್ ಅಷ್ಟೇ ಉಂಡು ಎದ್ದರು, ಅವರಿಗೆ ಏನೂ ಆಗಲಿಲ್ಲ. ಸಾಂಬಾರಿಗೆ ಹಲ್ಲಿ ಬಿದ್ದಿತ್ತು ಅಂತ ಕೆಲವರು, ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇತ್ತು ಅಂತ ಕೆಲವರು ಹೇಳುತ್ತಿದ್ದಾರೆ. ಪಂಚಾಯ್ತಿಯವರು ಬಸ್ ಸ್ಟ್ಯಾಂಡಿನ ಗೋಬಿ ಗಾಡಿ ಎತ್ತಿಸಬೇಕು ಅನ್ನುತ್ತಿದ್ದಾರೆ. ಬರುವ ತಿಂಗಳು ನಮ್ಮೂರ ಜಾತ್ರೆ. ಸುಮಾರು 2 ಸಾವಿರ ಜನಕ್ಕೆ ದಾಸೋಹ, ಸಮಿತಿಯಲ್ಲಿ ನಾನೂ ಇದ್ದೇನೆ. ಅಡುಗೆಯವರೂ ಆ ಗೃಹಪ್ರವೇಶಕ್ಕೆ ಮಾಡಿದವರೇ. ನಮ್ಮಂಥ ಊರಿಗೆ ಊಟದ ಸುರಕ್ಷತೆ ಅನ್ನುವುದು ನಿಜವಾಗಲೂ ಅಷ್ಟು ದೊಡ್ಡ ಸಮಸ್ಯೆಯಾ? ಅಡುಗೆಯವರನ್ನು ಬದಲಾಯಿಸಿದರೆ ಸಾಕಾ?

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ನಿಮ್ಮ ತಂದೆಯವರು ಸಾಂಬಾರ್ ಉಂಡರು, ಚೆನ್ನಾಗಿದ್ದಾರೆ. ಹೀಗೆ ಇನ್ನೂ ಹತ್ತಿಪ್ಪತ್ತು ಜನ ಸಿಕ್ಕರೆ ಸಾಂಬಾರಿನ ಮೇಲಿನ ಅನುಮಾನ ಹೋಗುತ್ತದೆ. ಅದರ ಜೊತೆಗೆ ಹಲ್ಲಿಯೂ ಬಚಾವ್.

ಹಲ್ಲಿಯ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ನಾನು ಸರ್ಕಾರಿ ಕೆಲಸದಲ್ಲಿದ್ದಷ್ಟು ವರ್ಷವೂ ಬೆನ್ನು ಬಿಡದ ಪ್ರಾಣಿ ಅದು. ನಮ್ಮ ಗೋಡೆ ಮೇಲಿನ ಹಲ್ಲಿಗೆ ವಿಷ ಇಲ್ಲ. ಅದರ ಹೊಟ್ಟೆಯಲ್ಲಿ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು, ಅದು ಬೇರೆ ಮಾತು. ಆದರೆ ಕುದಿಯುವ ಸಾಂಬಾರಿಗೆ ಬಿದ್ದರೆ ಹಲ್ಲಿಯೂ ಸಾಯುತ್ತದೆ, ಆ ಬ್ಯಾಕ್ಟೀರಿಯಾವೂ ಸಾಯುತ್ತದೆ. ಹಾಗಂತ ಆ ಸಾಂಬಾರ್ ಬಡಿಸಿ ಅನ್ನುತ್ತಿಲ್ಲ, ಚೆಲ್ಲಲೇಬೇಕು. ಶಾಲೆಯಲ್ಲಿ ಬಿಸಿಯೂಟದ ಪಾತ್ರೆಯಲ್ಲಿ ಹಲ್ಲಿ ಕಂಡ ಕೂಡಲೇ ಸಾಲಾಗಿ ಮಕ್ಕಳು ವಾಂತಿ ಮಾಡುತ್ತಾರಲ್ಲ, ಅದು ಬಹಳಷ್ಟು ಸಲ ಅಸಹ್ಯದಿಂದ, ಭಯದಿಂದ ಬರುವ ವಾಂತಿ. ನಾಟಕ ಅಲ್ಲ. ಒಂದು ಮಗು ಕಕ್ಕಿದ್ದು ನೋಡಿ ಪಕ್ಕದ ಮಗುವಿಗೂ ಹೊಟ್ಟೆ ತೊಳಸುತ್ತದೆ. ಅಂಥ ಮಕ್ಕಳು ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಸರಿಹೋಗುತ್ತಾರೆ. ನಿಮ್ಮೂರಲ್ಲಿ ಆದದ್ದು ಅದಲ್ಲ. ಉಂಡು ಮನೆಗೆ ಹೋಗಿ ಮಲಗಿದ್ದವರು, ಒಬ್ಬರನ್ನೊಬ್ಬರು ನೋಡದೆಯೇ ಕಕ್ಕಿದ್ದಾರೆ.

ಇನ್ನು ಪ್ಲಾಸ್ಟಿಕ್ ಅಕ್ಕಿ. ರೇಷನ್ ಅಕ್ಕಿಯಲ್ಲಿ ಬೇರೆ ಥರ ಕಾಣುವ ಕಾಳುಗಳು ಕಂಡುಬಂದದ್ದು ನಿಜ. ಅವು ಸಾರವರ್ಧಿತ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣದಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿ, ಅಕ್ಕಿಯ ಆಕಾರಕ್ಕೆ ಒತ್ತಿ, ನೂರು ಕಾಳಿಗೆ ಒಂದರಂತೆ ಬೆರೆಸಿದ್ದು. ತೊಳೆಯುವಾಗ ಕೆಲವು ತೇಲುತ್ತವೆ. ಅದನ್ನು ನೋಡಿಯೇ ಜನ ಹೆದರುವುದು. ಅನ್ನದ ಉಂಡೆ ಚೆಂಡಿನ ಹಾಗೆ ಪುಟಿಯಿತು ಅಂತ ವಾಟ್ಸಾಪ್‌ನಲ್ಲಿ ವಿಡಿಯೋ ಬರುತ್ತಲ್ಲ, ಗಟ್ಟಿಯಾಗಿ ಒತ್ತಿದರೆ ಯಾವ ಅನ್ನವೂ ಪುಟಿಯುತ್ತದೆ. ಗಂಜಿಯ ಅಂಟು ಅದು.

ಈಗ ಗಡಿಯಾರ ನೋಡೋಣ. ನನ್ನ ಕೆಲಸದಲ್ಲಿ ಲ್ಯಾಬ್ ವರದಿಗಿಂತ ಮೊದಲು ಕೈಗೆ ಸಿಗುವ ಸುಳಿವು ಇದೇ. ಊಟ ಒಂದು ಗಂಟೆಗೆ, ವಾಂತಿ ಐದಕ್ಕೆ. ನಾಲ್ಕೇ ಗಂಟೆ. ಒಂದರಿಂದ ಆರು ಗಂಟೆಯೊಳಗೆ, ಜ್ವರ ಜಾಸ್ತಿ ಇಲ್ಲದೆ, ಧಾರಾಕಾರ ವಾಂತಿ ಬಂದರೆ ಬ್ಯಾಕ್ಟೀರಿಯಾ ಹೊಟ್ಟೆಯೊಳಗೆ ಹೋಗಿ ಬೆಳೆದದ್ದಲ್ಲ. ಪಾತ್ರೆಯಲ್ಲೇ ಬೆಳೆದು, ಅಲ್ಲೇ ವಿಷ ಬಿಟ್ಟಿದೆ. ನೀವು ಉಂಡದ್ದು ಆ ಸಿದ್ಧ ವಿಷವನ್ನು. ಎಂಟರಿಂದ ಇಪ್ಪತ್ತನಾಲ್ಕು ಗಂಟೆ ಆದಮೇಲೆ ಹೊಟ್ಟೆನೋವು, ಭೇದಿ ಬಂದರೆ ನಿಧಾನವಾಗಿ ಆರಿದ ದೊಡ್ಡ ಪಾತ್ರೆಯ ಮಾಂಸದ ಸಾರು, ಬೇಳೆ ಸಾರಿನ ಕಡೆ ಅನುಮಾನ ಹೋಗುತ್ತದೆ. ಮಾರನೇ ದಿನ ಜ್ವರದ ಜೊತೆ ಭೇದಿ ಆದರೆ ಸಾಲ್ಮೊನೆಲ್ಲಾ ಥರದ್ದು. ಟೈಫಾಯ್ಡ್ ಕಾಣಿಸಲು ಒಂದೆರಡು ವಾರ ಬೇಕು, ಕಾಮಾಲೆಗೆ ಇನ್ನೂ ಜಾಸ್ತಿ. ಅದಕ್ಕೇ ‘ಕೊನೆಗೆ ತಿಂದದ್ದೇ ಕೆಟ್ಟದ್ದು’ ಅನ್ನುವ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. ನಿನ್ನೆಯ ಪಾನಿಪೂರಿಗೆ ಬೈಯುತ್ತಿರುತ್ತೇವೆ, ಕಾರಣ ಹದಿನೈದು ದಿನದ ಹಿಂದಿನ ನೀರು ಆಗಿರುತ್ತದೆ.

ನಾಲ್ಕು ಗಂಟೆಯ ವಾಂತಿಗೆ ನಮ್ಮ ಕಡೆಯ ಊಟದಲ್ಲಿ ಇಬ್ಬರು ಮುಖ್ಯ ಆರೋಪಿಗಳು. ಒಂದು ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ. ಇದು ಅಕ್ಕಿಯಲ್ಲೇ ಇರುತ್ತದೆ, ಮಣ್ಣಿನಿಂದ ಬಂದದ್ದು. ಅನ್ನ ಬೇಯಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದರ ಬೀಜಕಣ ಕುದಿಯುವ ನೀರಿಗೂ ಜಗ್ಗಲ್ಲ. ಅನ್ನ ಉಗುರುಬೆಚ್ಚಗೆ ಆದ ಕೂಡಲೇ ಮೊಳೆಯುತ್ತದೆ, ಬೆಳೆಯುತ್ತದೆ, ವಿಷ ಬಿಡುತ್ತದೆ. ಇನ್ನೊಂದು ಸ್ಟೆಫೈಲೋಕಾಕಸ್. ಅದು ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ, ಕುರುವಿನಲ್ಲಿ, ಗಾಯದಲ್ಲಿ ಇರುತ್ತದೆ, ಕೈಯಿಂದ ಅಡುಗೆಗೆ ಬರುತ್ತದೆ. ಎರಡರ ವಿಷವೂ ಮತ್ತೆ ಕುದಿಸಿದರೆ ಹೋಗುವುದಿಲ್ಲ. ‘ಬಿಸಿ ಮಾಡಿದ್ವಲ್ಲ ಸಾರ್’ ಅನ್ನುವ ಮಾತು ಇಲ್ಲಿ ನಡೆಯಲ್ಲ.

ನಿಮ್ಮ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಮೊಸರನ್ನದ ಮೇಲೆ. ಹುಳಿ ಇರುವ ಮೊಸರಿನಲ್ಲಿ ಈ ಬ್ಯಾಕ್ಟೀರಿಯಾಗಳು ಅಷ್ಟು ಸುಲಭವಾಗಿ ಬೆಳೆಯಲ್ಲ. ಆದರೆ ದೊಡ್ಡ ಊಟಗಳಲ್ಲಿ ಮೊಸರನ್ನ ಹೇಗೆ ಮಾಡುತ್ತಾರೆ ನಿಮಗೆ ಗೊತ್ತಲ್ಲ. ಮಧ್ಯಾಹ್ನಕ್ಕೆ ಹುಳಿ ಬರಬಾರದು ಅಂತ ಬೆಳಗಿನ ಜಾವಕ್ಕೇ ಅನ್ನ ಮಿದ್ದು, ಹಾಲು ಸುರಿದು, ಮೊಸರು ಹೆಸರಿಗೆ ಒಂದಿಷ್ಟು ಹಾಕುತ್ತಾರೆ. ಅದು ಮೊಸರನ್ನ ಅಲ್ಲ, ಹಾಲನ್ನ. ಬೆಚ್ಚಗಿನ ಹಾಲು, ಬೆಂದ ಅನ್ನ, ಮುಚ್ಚಿದ ಪಾತ್ರೆ, ಎಂಟು ಗಂಟೆ ಹೊತ್ತು. ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸುವವರೂ ಇಷ್ಟು ಉಪಚಾರ ಮಾಡುವುದಿಲ್ಲ.

ನಾನು ತಾಲ್ಲೂಕು ಆರೋಗ್ಯಾಧಿಕಾರಿ ಆಗಿದ್ದಾಗ ಒಂದು ಮದುವೆ ಮನೆಗೆ ರಾತ್ರಿ ಎಂಟು ಗಂಟೆಗೆ ಹೋಗಿದ್ದೆ. ಅಷ್ಟೊತ್ತಿಗೆ ಕೊಪ್ಪರಿಗೆಗಳನ್ನೆಲ್ಲ ಬೂದಿ ಹಾಕಿ ಉಜ್ಜಿ ತೊಳೆದು ಬೋರಲು ಹಾಕಿದ್ದರು. ಅಡುಗೆಮನೆ ಫಳಫಳ. ಸ್ಯಾಂಪಲ್ ತೆಗೆಯಲು ಒಂದು ಅಗುಳು ಇಲ್ಲ. ಕೊನೆಗೆ ಒಬ್ಬ ಅಜ್ಜಿ, ಊರಿಂದ ಬರುವ ಮಗನಿಗೆ ಅಂತ ಕ್ಯಾರಿಯರ್‌ನಲ್ಲಿ ಎತ್ತಿಟ್ಟಿದ್ದ ಮೊಸರನ್ನ ತಂದುಕೊಟ್ಟರು. ಮುಚ್ಚಳ ತೆಗೆದು ಮೂಸಿ ನೋಡಿದೆ. ಒಗ್ಗರಣೆಯ ಸಾಸಿವೆ, ಶುಂಠಿಯ ಘಮ. ಹಳಸಿದ ವಾಸನೆ ಇಲ್ಲ, ಲೋಳೆ ಇಲ್ಲ. ಹಸಿದಿದ್ದರೆ ನಾನೇ ತಿನ್ನುತ್ತಿದ್ದೆ. ಆಮೇಲೆ ಅಡುಗೆಯವರನ್ನು ಮಾತಾಡಿಸಿದೆ. ಅನ್ನ ಮಿದ್ದಿದ್ದ ಹುಡುಗನ ಹೆಬ್ಬೆರಳಿಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿತ್ತು. ಎರಡು ದಿನದ ಹಿಂದೆ ಈರುಳ್ಳಿ ಹೆಚ್ಚುವಾಗ ಕುಯ್ದುಕೊಂಡಿದ್ದ, ಕೀವಾಗಿತ್ತು. ಅವನಿಗೆ ರಜೆ ಕೊಟ್ಟಿರಲಿಲ್ಲ, ಅವನು ಕೇಳಿಯೂ ಇರಲಿಲ್ಲ. ಕೇಳಿದರೆ ಅವತ್ತಿನ ಕೂಲಿ ಹೋಗುತ್ತಿತ್ತು.

ಲ್ಯಾಬ್ ವರದಿ ಇಲ್ಲದೆ ನಿಮ್ಮೂರಿನದೂ ಇದೇ ಅಂತ ನಾನು ಸಹಿ ಹಾಕಲಾರೆ. ಕೇಸರಿಬಾತ್ ಕೂಡ ಕೈ ಜಾಸ್ತಿ ಆಡಿದ ತಿನಿಸು, ಪಲಾವ್ ಕೂಡ ಅನ್ನವೇ. ಆದರೆ ಈಗಲೂ ಒಂದು ಕೆಲಸ ಮಾಡಬಹುದು. ನಿಮ್ಮ ಹತ್ತನೇ ಕ್ಲಾಸ್ ಮಕ್ಕಳಿಂದ ಮಾಡಿಸಿದರೆ ಗಣಿತದ ಪಾಠವೂ ಆಗುತ್ತದೆ. ಊಟಕ್ಕೆ ಹೋದವರೆಲ್ಲರ ಪಟ್ಟಿ ಮಾಡಿ, ಕಾಯಿಲೆ ಆಗದವರನ್ನೂ ಸೇರಿಸಿ. ಯಾರು ಯಾವುದು ತಿಂದರು, ಎಷ್ಟು ಗಂಟೆಗೆ ಶುರುವಾಯಿತು ಅಂತ ಕೇಳಿ. ಮೊಸರನ್ನ ತಿಂದವರಲ್ಲಿ ನೂರಕ್ಕೆ ಎಷ್ಟು ಜನಕ್ಕೆ ಆಯಿತು, ತಿನ್ನದವರಲ್ಲಿ ಎಷ್ಟು ಜನಕ್ಕೆ? ಪ್ರತಿ ಐಟಂಗೂ ಹೀಗೆ ಎರಡೆರಡು ಲೆಕ್ಕ. ಯಾವುದರಲ್ಲಿ ಅಂತರ ದೊಡ್ಡದೋ ಅದೇ ಕಳ್ಳ. ಜನ ಸಾಮಾನ್ಯವಾಗಿ ಕಾಯಿಲೆ ಆದವರನ್ನಷ್ಟೇ ಕೇಳುತ್ತಾರೆ. ಅವರೆಲ್ಲ ಸಾಂಬಾರ್ ತಿಂದಿರುತ್ತಾರೆ, ಹಲ್ಲಿ ಸಿಕ್ಕಿಬೀಳುತ್ತದೆ.

ಗೋಬಿ ಗಾಡಿಯ ಬಗ್ಗೆ. ಗಾಡಿಯವನ ಪರ ವಕಾಲತ್ತು ಮಾಡುತ್ತಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೆ ಮುಂಚೆ ತೆಗೆದ ಗೋಬಿಯ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ರೋಡಮೈನ್-ಬಿ ಅನ್ನುವುದು ಬಟ್ಟೆಗೆ ಹಾಕುವ ಬಣ್ಣ. ಯಾವ ತಿನಿಸಿಗೂ ಹಾಕುವ ಹಾಗಿಲ್ಲ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ ಥರದವು ಕೆಲವು ತಿನಿಸುಗಳಿಗೆ ಅಳತೆಯೊಳಗೆ ಓಕೆ, ಗೋಬಿಗೆ ಅಲ್ಲ. ಆದರೆ ಬಣ್ಣದ ಕೆಡುಕು ನಿಧಾನದ್ದು, ವರ್ಷಗಟ್ಟಲೆ ತಿಂದವರ ಲೆಕ್ಕ. ಬೇಡ ಅನ್ನುವುದು ಸರಿ. ಗೃಹಪ್ರವೇಶದ ವಾಂತಿಗೂ ಅದಕ್ಕೂ ಸಂಬಂಧ ಇಲ್ಲ. ನಿಜ ಹೇಳಬೇಕೆಂದರೆ ಕಣ್ಣೆದುರೇ ಕುದಿಯುವ ಎಣ್ಣೆಯಿಂದ ತೆಗೆದು ಕೊಡುವ ಗೋಬಿ, ವಾಂತಿಭೇದಿಯ ಲೆಕ್ಕದಲ್ಲಿ, ಎಂಟು ಗಂಟೆ ಕೂತ ಮೊಸರನ್ನಕ್ಕಿಂತ ವಾಸಿ. ಗಾಡಿಯಲ್ಲಿ ನೋಡಬೇಕಾದದ್ದು ಬಕೆಟ್ ನೀರು. ಒಂದೇ ನೀರಿನಲ್ಲಿ ಸಂಜೆಯಿಡೀ ಪ್ಲೇಟ್ ಅದ್ದುತ್ತಿದ್ದಾನಾ, ಮೇಲೆ ಉದುರಿಸುವ ಹಸಿ ಈರುಳ್ಳಿ, ಕೊತ್ತಂಬರಿ ಎಲ್ಲಿ ತೊಳೆದ? ಎತ್ತಿಸುವುದಕ್ಕಿಂತ ಪಂಚಾಯ್ತಿಯವರು ಅಲ್ಲೊಂದು ನಲ್ಲಿ ಹಾಕಿಸಿಕೊಡಲಿ. ಎತ್ತಿಸಿದರೆ ಆತ ಹೈಸ್ಕೂಲ್ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಾನೆ ಅಷ್ಟೇ.

ಇದು ದೊಡ್ಡ ಸಮಸ್ಯೆಯಾ ಅಂತ ಕೇಳಿದ್ದೀರಿ. ಹೌದು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಅಂದಾಜು, ಜಗತ್ತಿನಲ್ಲಿ ವರ್ಷಕ್ಕೆ 60 ಕೋಟಿ ಜನ ಕೆಟ್ಟ ಆಹಾರದಿಂದ ಕಾಯಿಲೆ ಬೀಳುತ್ತಾರೆ, 4 ಲಕ್ಷದ 20 ಸಾವಿರ ಜನ ಸಾಯುತ್ತಾರೆ. ಅದರಲ್ಲಿ ಒಂದೂಕಾಲು ಲಕ್ಷ ಐದು ವರ್ಷದೊಳಗಿನ ಮಕ್ಕಳು. ನಿಮ್ಮ ಊರಿನ ಲೆಕ್ಕ ಮಾತ್ರ ಯಾರ ಪುಸ್ತಕದಲ್ಲೂ ಇರಲ್ಲ. 60 ಜನರಲ್ಲಿ ಸರ್ಕಾರಿ ಆಸ್ಪತ್ರೆಗೆ ಎಷ್ಟು ಜನ ಹೋದರು? ಉಳಿದವರು ಮೆಡಿಕಲ್ ಸ್ಟೋರ್‌ನಲ್ಲಿ ಎರಡು ಮಾತ್ರೆ ತಂದು ನುಂಗಿರುತ್ತಾರೆ, ಅಥವಾ ನಿಂಬೆಹಣ್ಣಿನ ಪಾನಕ ಕುಡಿದು ಮಲಗಿರುತ್ತಾರೆ. ಆಶಾ ಕಾರ್ಯಕರ್ತೆಗೆ ಸುದ್ದಿ ಹೋಗಬೇಕು, ಅವರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಜಿಲ್ಲೆಗೆ. ಕರೆದ ಮನೆಯವರಿಗೆ ಅವಮಾನ ಆಗಬಾರದು ಅಂತ ಜನ ಬಾಯಿ ಬಿಡುವುದಿಲ್ಲ. ಅನ್ನ ಹಾಕಿದವರ ಮೇಲೆ ದೂರು ಹೇಳುವುದು ಹೇಗೆ ಅನ್ನುವ ಸಂಕೋಚ. ಅದು ನನಗೂ ಅರ್ಥವಾಗುತ್ತದೆ. ಆದರೆ ಆ ಸಂಕೋಚದಿಂದಲೇ ಅದೇ ಅಡುಗೆ, ಅದೇ ಪದ್ಧತಿ ಮುಂದಿನ ಮದುವೆಗೂ ಹೋಗುತ್ತದೆ. ಈಗ ನಿಮ್ಮ ಜಾತ್ರೆಗೂ ಬರುತ್ತಿದೆ.

ನೀರನ್ನು ಬಿಟ್ಟು ಊಟದ ಮಾತಾಡುವುದು ಅರ್ಧ ಮಾತು. 2022ರಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಪ್ರಕರಣಗಳಲ್ಲಿ ಜನ ಸತ್ತದ್ದು ನೆನಪಿರಬಹುದು. ನಿಮ್ಮ ದಾಸೋಹದ ಮಜ್ಜಿಗೆ, ಪಾನಕ, ಕೋಸಂಬರಿ, ಕುಡಿಯುವ ನೀರು, ಇವು ಯಾವುವೂ ಒಲೆ ಕಾಣುವುದಿಲ್ಲ. ಜಾತ್ರೆಗೆ ವಾರ ಮುಂಚೆ ನೀರುಗಂಟಿಯನ್ನು ಕರೆದು ಟ್ಯಾಂಕ್ ತೊಳೆಸಿ. ಬ್ಲೀಚಿಂಗ್ ಪೌಡರ್ ಹಾಕಿ ಒಂದು ಗಂಟೆಯಾದರೂ ಬಿಟ್ಟ ಮೇಲೆ ನೀರು ಬಿಡಲಿ. ಆರೋಗ್ಯ ಸಹಾಯಕರ ಹತ್ತಿರ ಓಟಿ ಟೆಸ್ಟ್ ಕಿಟ್ ಇರುತ್ತದೆ. ನೀರಿಗೆ ಹನಿ ಹಾಕಿದರೆ ಹಳದಿ ಬರಬೇಕು, ಬಂದರೆ ಕ್ಲೋರಿನ್ ಇದೆ. ಟ್ಯಾಂಕಿನ ಹತ್ತಿರ ಅಲ್ಲ, ಕೊನೆಯ ನಲ್ಲಿಯಲ್ಲಿ ನೋಡಿ. ಮಜ್ಜಿಗೆಗೆ ಐಸ್ ತರಿಸುವ ಅಭ್ಯಾಸ ಇದ್ದರೆ ಅದು ಕುಡಿಯುವ ನೀರಿನ ಐಸಾ, ಮೀನಿಗೆ ಹಾಕುವ ಐಸಾ ಕೇಳಿ. ಉತ್ತರ ತಡವರಿಸಿದರೆ ಐಸೇ ಬೇಡ.

ಜಾತ್ರೆಗೆ ನಿಮ್ಮ ಮುಂದೆ ಮೂರು ದಾರಿ ಇವೆ. ಯಾವುದೂ ಪುಕ್ಕಟೆ ಅಲ್ಲ.

ಹೊರಗಿನ ಕೇಟರಿಂಗ್‌ನವರಿಗೆ ವಹಿಸಿಬಿಡುವುದು ಒಂದು. ತಲೆನೋವು ಕಮ್ಮಿ, ಕಾಸು ಜಾಸ್ತಿ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಲೈಸೆನ್ಸ್ ನಂಬರ್ ಕೇಳಿ, ಇಲ್ಲದವರನ್ನು ಕರೆಯಬೇಡಿ. ಆದರೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಅನ್ನ ಕೆಡಲ್ಲ ಅಂತಲ್ಲ. ಅವರು ತಾಲ್ಲೂಕು ಕೇಂದ್ರದಲ್ಲಿ ಬೆಳಗ್ಗೆ ಆರಕ್ಕೆ ಬೇಯಿಸಿ, ಮುಚ್ಚಿದ ಪಾತ್ರೆಯಲ್ಲಿ ಟೆಂಪೋ ಹತ್ತಿಸಿ, ಹನ್ನೆರಡಕ್ಕೆ ಇಳಿಸಿದರೆ ನಿಮ್ಮ ಅಡುಗೆಯವರಿಗಿಂತ ಕಡೆ. ನಿಮ್ಮೂರಲ್ಲೇ ಬಂದು ಬೇಯಿಸುವುದಾದರೆ ಮಾತ್ರ ಒಪ್ಪಿ.

ಎರಡನೆಯದು, ಅಡುಗೆಯವರು ಅವರೇ, ಐಟಂಗಳು ಬೇರೆ. ಮೊಸರನ್ನ, ಕೋಸಂಬರಿ ಬಿಟ್ಟು, ಒಲೆಯಿಂದ ಇಳಿದ ಕೂಡಲೇ ಬಡಿಸುವ ಬಿಸಿಬೇಳೆಬಾತೋ, ಅನ್ನ ಸಾರೋ, ಹುಗ್ಗಿಯೋ ಇಡುವುದು. ಸುರಕ್ಷಿತ. ಆದರೆ ಹಿರಿಯರು ಒಪ್ಪಬೇಕು. ‘ಮೊಸರನ್ನ ಇಲ್ಲದ ಎಡೆಯಾ’ ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಬಿಸಿ ಅನ್ನದ ಮೇಲೆ ಎಲೆಯಲ್ಲೇ ಮೊಸರು ಬಡಿಸಿ. ಅನ್ನ ಬೇರೆ, ಮೊಸರು ಬೇರೆ ಇದ್ದಷ್ಟು ಹೊತ್ತು ಅಪಾಯ ಕಮ್ಮಿ. ಗಟ್ಟಿಯಾಗಿ ಹುಣಸೆಹುಳಿ ಹಾಕಿದ ಪುಳಿಯೋಗರೆ ಮೊಸರನ್ನಕ್ಕಿಂತ ಹೆಚ್ಚು ಹೊತ್ತು ತಡೆಯುತ್ತದೆ, ಆದರೆ ಗೊಜ್ಜು ಕಲೆಸುವ ಮುಂಚೆ ಅನ್ನವನ್ನು ಗಂಟೆಗಟ್ಟಲೆ ಆರಲು ಬಿಟ್ಟರೆ ಆ ಲಾಭವೂ ಹೋಯಿತು.

ಮೂರನೆಯದೇ ನನ್ನ ಆಯ್ಕೆ, ಕಂತು ಕಂತಾಗಿ ಬೇಯಿಸುವುದು. ಈಗ ನಿಮ್ಮಲ್ಲಿ ನಡೆಯುತ್ತಿರುವುದು ಹೀಗೆ ಅಂದುಕೊಳ್ಳುತ್ತೇನೆ: ಮಧ್ಯರಾತ್ರಿ ಒಲೆ ಹಚ್ಚಿ, 2 ಸಾವಿರ ಜನಕ್ಕಾಗುವಷ್ಟು ಅನ್ನ ಬಸಿದು, ಚಾಪೆ ಮೇಲೆ ಬಿಳಿ ಪಂಚೆ ಹಾಸಿ ಗುಡ್ಡೆ ಹಾಕಿ ಮುಚ್ಚುವುದು. ಆ ಗುಡ್ಡೆಯೊಳಗೆ ಮೊಣಕೈತನಕ ಕೈ ಹಾಕಿ ನೋಡಿ. ಹೊರಗೆ ತಣ್ಣಗಿದ್ದರೂ ಒಳಗೆ ಹಿತವಾದ ಬೆಚ್ಚಗೆ ಇರುತ್ತದೆ. ನಮಗೆ ಹಿತವಾದ ಬೆಚ್ಚಗೆ ಬ್ಯಾಕ್ಟೀರಿಯಾಗೂ ಹಿತ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅದರ ಸಂಸಾರ ಬೆಳೆಯುತ್ತದೆ. ಅದಕ್ಕೆ ಮೂರು ಒಲೆ ಇಟ್ಟು, ಪಂಕ್ತಿಗೆ ತಕ್ಕಂತೆ ಬೇಯಿಸಿ, ಇಳಿಸಿದ ಎರಡು ಗಂಟೆಯೊಳಗೆ ಬಡಿಸಿ ಮುಗಿಸಿ. ಸಾಂಬಾರ್ ಕೆಂಡದ ಮೇಲೇ ಇರಲಿ, ಬಡಿಸುವಾಗ ಹಬೆ ಕಾಣಬೇಕು. ಸೌದೆ, ಆಳು ಜಾಸ್ತಿ ಬೇಕು. ಪಂಕ್ತಿ ನಡುವೆ ಜನ ಅರ್ಧ ಗಂಟೆ ಕಾಯಬೇಕಾಗುತ್ತದೆ, ಗಲಾಟೆ ಆಗುತ್ತದೆ. ಭಜನೆಯವರನ್ನು ಅಲ್ಲೇ ಕೂರಿಸಿ.

ಪ್ರತಿ ಕೊಪ್ಪರಿಗೆಯಿಂದ ಒಂದು ಹಿಡಿಯಷ್ಟು ಅಡುಗೆಯನ್ನು ಶುಭ್ರವಾದ ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ, ಮೂರು ದಿನ ಫ್ರಿಡ್ಜ್‌ನಲ್ಲಿ ಇಡಿ. ಏನಾದರೂ ಆದರೆ ಆಹಾರ ಸುರಕ್ಷತಾ ಅಧಿಕಾರಿಗೆ ಕೊಡಲು ಅದೊಂದೇ ಇರುತ್ತದೆ. ಏನೂ ಆಗದಿದ್ದರೆ ಚೆಲ್ಲಿ. ಉಗ್ರಾಣಕ್ಕೆ ಬೀಗ ಇರಲಿ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಪ್ರಸಾದ ತಿಂದು 17 ಜನ ಸತ್ತರು. ಅಲ್ಲಿ ಅಡುಗೆ ಕೆಟ್ಟದ್ದಲ್ಲ, ಕೀಟನಾಶಕ ಬೆರೆತಿತ್ತು. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ 23 ಮಕ್ಕಳು ಸತ್ತದ್ದೂ ಅಡುಗೆ ಎಣ್ಣೆಯಲ್ಲಿದ್ದ ಕೀಟನಾಶಕದಿಂದ. ತೋಟದ ಔಷಧಿ ಕ್ಯಾನ್ ತೊಳೆದು ಎಣ್ಣೆಗೋ ನೀರಿಗೋ ಬಳಸುವ ಅಭ್ಯಾಸ ನಿಮ್ಮ ಕಡೆಯೂ ಇರುತ್ತದೆ. ಅಂಥ ಒಂದು ಕ್ಯಾನ್ ಕೂಡ ದಾಸೋಹದ ಅಂಗಳಕ್ಕೆ ಬರಬಾರದು. ಊಟವಾದ ಸ್ವಲ್ಪ ಹೊತ್ತಿನಲ್ಲೇ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣು ಮಂಜು, ಉಸಿರಾಟಕ್ಕೆ ಕಷ್ಟ ಕಂಡರೆ ಅದು ಮಾಮೂಲಿ ವಾಂತಿ ಅಲ್ಲ. ಬಡಿಸುವುದು ನಿಲ್ಲಿಸಿ, 108ಕ್ಕೆ ಫೋನ್ ಮಾಡಿ.

ಮಾಮೂಲಿ ವಾಂತಿಭೇದಿಗೆ ಓಆರ್‌ಎಸ್. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚವನ್ನು ಮಟ್ಟಸವಾಗಿ ತುಂಬಿ, ಗೋಪುರ ಬೇಡ. ವಾಂತಿ ಆದರೂ ಹತ್ತು ನಿಮಿಷ ಬಿಟ್ಟು ಚಮಚ ಚಮಚ ಕುಡಿಸಿ. ಭೇದಿ ಕಟ್ಟುವ ಮಾತ್ರೆ ಮಕ್ಕಳಿಗೆ ಕೊಡಬೇಡಿ. ದೊಡ್ಡವರಿಗೂ ಜ್ವರ, ರಕ್ತ ಇದ್ದರೆ ಬೇಡ. ಮಗು ಉಚ್ಚೆ ಹೊಯ್ಯುವುದು ಕಮ್ಮಿ ಮಾಡಿದರೆ, ಮಂಕಾಗಿ ಬಿದ್ದುಕೊಂಡರೆ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೊನೆಗೆ ಅಡುಗೆಯವರ ವಿಷಯ. ಬದಲಾಯಿಸಬೇಡಿ ಅಂತಲೇ ಹೇಳುತ್ತೇನೆ. ಹೊಸಬರೂ ಇದೇ ಪದ್ಧತಿಯಲ್ಲೇ ಪಳಗಿದವರು. ಇವರಿಗೆ ಒಂದು ಸಲ ಪೆಟ್ಟು ಬಿದ್ದಿದೆ, ಹೇಳಿದರೆ ಕೇಳುವ ಸ್ಥಿತಿಯಲ್ಲಿ ಇದ್ದಾರೆ. ಮುಖ್ಯ ಭಟ್ಟರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಅವತ್ತು ಅನ್ನ ಎಷ್ಟು ಹೊತ್ತಿಗೆ ಇಳಿಸಿದರು, ಮೊಸರನ್ನ ಯಾರು ಮಿದ್ದರು, ಹಾಲು ಎಷ್ಟು ಹಾಕಿದರು ಅಂತ ನಿಧಾನಕ್ಕೆ ಕೇಳಿ. ಬೈಯಲು ಕರೆದಿದ್ದಾರೆ ಅನ್ನಿಸಿದರೆ ಎಲ್ಲವನ್ನೂ ಹಲ್ಲಿಯ ಮೇಲೆ ಹಾಕಿ ಎದ್ದುಹೋಗುತ್ತಾರೆ. ಲೆಕ್ಕದಲ್ಲಿ ಇಬ್ಬರು ಆಳಿನ ಕೂಲಿ ಜಾಸ್ತಿ ಇಟ್ಟುಕೊಳ್ಳಿ. ಅವತ್ತು ಯಾರಿಗಾದರೂ ಕೈ ಕುಯ್ದಿದ್ದರೆ, ಹೊಟ್ಟೆ ಕೆಟ್ಟಿದ್ದರೆ, ಅವರನ್ನು ಎಲೆ ಹಾಸುವುದಕ್ಕೋ ಸೌದೆ ಒಟ್ಟುವುದಕ್ಕೋ ಹಾಕಿ, ಪೂರ್ತಿ ಕೂಲಿ ಕೊಟ್ಟು ಕಳಿಸಿ. ಈ ಮಾತನ್ನು ಒಲೆ ಹಚ್ಚುವ ಮುಂಚೆಯೇ, ಎಲ್ಲ ಹುಡುಗರ ಮುಂದೆ, ಭಟ್ಟರ ಬಾಯಿಂದಲೇ ಹೇಳಿಸಿ.